ಕೇಳದೆ ತುಂಬಿದ ಫಾರ್ಮುಗಳು

ಬಿ.ಸಿ. ರೋಡಿನಲ್ಲಿ ನಮ್ಮ ಚೆಸ್ ಸಂಘದ ಕಚೇರಿ ಇರುವುದು ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ. ಅಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಈಗ ನನ್ನ ಜಾಗಕ್ಕೆ ಇಬ್ಬರು ಹೊಸಬರು ಸೇರಿದ್ದಾರೆ. ಇಬ್ಬರೂ ಓದಿದವರು, ಕಂಪ್ಯೂಟರ್ ನನಗಿಂತ ಚೆನ್ನಾಗಿ ಬಲ್ಲವರು. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಬಾಯಲ್ಲಿ ಹೇಳಲು ಹೋದರೆ ನನಗೆ ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ ಆಗುತ್ತದೆ. ಬರೆದು ಕೊಡುತ್ತೇನೆ ಎಂದೆ. ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ದಿನಕ್ಕೆ ಒಂದು ಪುಟ ಆದರೆ ಅದೇ ಹೆಚ್ಚು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಫರಂಗಿಪೇಟೆಯ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದೆ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಲಾರಿ ಬುಕಿಂಗ್ ಆಫೀಸಿನವರೊಬ್ಬರು ಬಂದು ಮೂಲೆಯ ಮೇಜಿನಲ್ಲಿ ಚೆಸ್ ಬೋರ್ಡ್ ಹಾಸುತ್ತಿದ್ದರು. ಎದುರು ಕೂರಲು ಜನ ಸಿಗದ ದಿನ ನನ್ನನ್ನು ಕೂರಿಸುತ್ತಿದ್ದರು. ಹಾಗೆ ಕಲಿತದ್ದು. ಒಮ್ಮೆ ಲೋಬೊ ಸರ್ ಪಂದ್ಯಾಟಕ್ಕೆ ಮೇಜು ಕೇಳಿಕೊಂಡು ನಮ್ಮ ಹೋಟೆಲಿಗೆ ಬಂದರು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರು, ಚೆಸ್ ಸಂಘದ ಕಾರ್ಯದರ್ಶಿ. ಮೇಜುಗಳ ಜೊತೆ ನಾನೂ ಟೆಂಪೋ ಹತ್ತಿದೆ. ಮೇಜು ಹೋಟೆಲಿಗೆ ವಾಪಸ್ ಬಂತು, ನಾನು ಬರಲಿಲ್ಲ.

"ನೀನು ಎಸೆಸೆಲ್ಸಿ ಕಟ್ಟು ಮಾರಾಯ," ಎಂದು ಲೋಬೊ ಸರ್ ಎರಡು ವರ್ಷ ನನ್ನ ಹಿಂದೆ ಬಿದ್ದರು. "ಇಲ್ಲದಿದ್ರೆ ಜೀವಮಾನ ಇಡೀ ಕುರ್ಚಿ ಹೊರುವುದೇ ಆಗ್ತದೆ."

ಇಪ್ಪತ್ತೇಳನೇ ವಯಸ್ಸಿನಲ್ಲಿ ಖಾಸಗಿಯಾಗಿ ಕಟ್ಟಿ, ಎರಡನೇ ಸಲಕ್ಕೆ ಪಾಸಾದೆ. ನನ್ನ ಇಂಗ್ಲಿಷ್ ಎಲ್ಲ ಆಟದ ನಿಯಮಗಳ ಪುಸ್ತಕದಿಂದ ಬಂದದ್ದು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎನ್ನುವುದನ್ನು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಬಲ್ಲೆ. ರೈಲು ಎಷ್ಟು ಹೊತ್ತಿಗೆ ಎಂದು ಕೇಳಬೇಕಾದರೆ ಇವತ್ತಿಗೂ ತಡವರಿಸುತ್ತೇನೆ.

ಮೊದಲು ನನ್ನ ಒಂದು ಸಣ್ಣ ತಪ್ಪು ಹೇಳುತ್ತೇನೆ. ಕಂಪ್ಯೂಟರ್ ಬರುವ ಮುಂಚೆ ಪ್ರತಿ ಆಟಗಾರನಿಗೆ ಒಂದು ಕಾರ್ಡ್ ಇರುತ್ತಿತ್ತು. ಒಂದು ಸುತ್ತು ಮುಗಿದ ಕೂಡಲೇ ಕಾರ್ಡುಗಳನ್ನು ಅಂಕದ ಪ್ರಕಾರ ಮೇಜಿನ ಮೇಲೆ ಹರಡಿ ಜೋಡಿ ಮಾಡಬೇಕು. ಸಮಾನ ಅಂಕದವರು ಎದುರಾಗಬೇಕು, ಒಮ್ಮೆ ಆಡಿದವರು ಮತ್ತೆ ಎದುರಾಗಬಾರದು, ಬಿಳಿ ಕಪ್ಪು ಸರದಿಯಂತೆ ಬರಬೇಕು. ಬೆಳ್ತಂಗಡಿಯ ಒಂದು ಪಂದ್ಯಾಟದಲ್ಲಿ ಯಾರೋ ಕಾರ್ಡಿನ ಮೇಲೆ ಚಾದ ಗ್ಲಾಸ್ ಇಟ್ಟಿದ್ದರು. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡವು. ನಾನು ನೋಡಲಿಲ್ಲ. ಕೊಕ್ಕಡದಿಂದ ಮೊದಲ ಬಸ್ಸಿಗೆ ಬಂದಿದ್ದ ಹಿರಿಯರೊಬ್ಬರು ಗೋಡೆಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಮೂರು ಸಲ ಓದಿ ನನ್ನ ಹತ್ತಿರ ಬಂದರು.

"ನನ್ನ ಹೆಸರು ಇಲ್ಲ ಅಲ್ವಾ? ನಾನು ಬಂದದ್ದು ನಿಮಗೆ ಗೊತ್ತುಂಟಲ್ಲ?"

ಜೋಡಿ ಸಿಗಲಿಲ್ಲವೆಂದು ನಾನು ಇನ್ನೊಬ್ಬರಿಗೆ ಪುಕ್ಕಟೆ ಅಂಕ ಕೊಟ್ಟು ಕಳಿಸಿದ್ದೆ. ಹಾಗೆ ಅಂಕ ಪಡೆದವರು ಹೊರಗೆ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದರು. ಲೋಬೊ ಸರ್ ಓಡಿ ಹೋಗಿ, ಅನ್ನ ಕಲಸಿದ ಕೈಯಲ್ಲೇ ಅವರನ್ನು ಎಬ್ಬಿಸಿ ತಂದರು. ನನಗೆ ಬೈಯಲಿಲ್ಲ. ಒಂದು ಚೀಟಿಯಲ್ಲಿ "ಮೊದಲು ಕಾರ್ಡ್ ಎಣಿಸು, ಮತ್ತೆ ತಲೆ ಎಣಿಸು" ಎಂದು ಬರೆದು ನನ್ನ ಕಿಸೆಗೆ ಹಾಕಿದರು. ಈಗ ಜೋಡಿ ಮಾಡುವುದು ಕಂಪ್ಯೂಟರ್. ಆದರೂ ನೀವು ತಲೆ ಎಣಿಸಿ.

ಇನ್ನು ಈ ಕಾಲದ ಕೆಲಸ. ಆಗೆಲ್ಲ ಅಂತರರಾಷ್ಟ್ರೀಯ ಸಂಖ್ಯೆ ಎನ್ನುವುದು ದೊಡ್ಡ ಆಟಗಾರರಿಗೆ ಮಾತ್ರ ಇತ್ತು. ಈಗ ಎರಡನೇ ಕ್ಲಾಸಿನ ಮಗುವಿಗೂ ಬೇಕು. ನಾವು ಹೆಸರು, ಜನ್ಮದಿನಾಂಕ, ಫೋಟೋ, ದೇಶ ಎಲ್ಲ ತುಂಬಿ ಕಳಿಸುತ್ತೇವೆ. ಅದು ರಾಜ್ಯ, ರಾಷ್ಟ್ರ ಸಂಸ್ಥೆಗಳ ಮೂಲಕ ವಿಶ್ವ ಸಂಸ್ಥೆಗೆ ಹೋಗಿ ಒಂದು ಸಂಖ್ಯೆ ಬರುತ್ತದೆ. ಆಟದ ಬಲವನ್ನು ತೋರಿಸುವ ಅಂಕಿ, ಅಂದರೆ ರೇಟಿಂಗ್, ಆ ಸಂಖ್ಯೆಯ ಕೆಳಗೆ ಕೂಡುತ್ತಾ ಕಳೆಯುತ್ತಾ ಹೋಗುತ್ತದೆ. ಒಬ್ಬರಿಗೆ ಒಂದೇ ಸಂಖ್ಯೆ. ಆಡುವ ದೇಶ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಈ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಬೇರೆ, ತಲೆಗೆ ಹೋದದ್ದು ಬೇರೆ.

ಸಂಖ್ಯೆ ಎಂದ ಮೇಲೆ ಜನ ಏನೇನೋ ತಿಳಿದುಕೊಂಡರು. ಒಬ್ಬ ತಾಯಿ ಅದನ್ನು ಆಧಾರ್ ಕಾರ್ಡಿನ ಹಾಗೆ ಲ್ಯಾಮಿನೇಶನ್ ಮಾಡಿಸಿಕೊಂಡು ಬಂದು, "ಇದಕ್ಕೆ ಕಾಲೇಜಲ್ಲಿ ಸೀಟು ಸಿಗ್ತದಾ ಸಂಜೀವಣ್ಣ?" ಎಂದು ಕೇಳಿದರು. ಫೋಟೋ ಕಳಿಸಿ ಎಂದರೆ ದುಬೈಯ ಸಮುದ್ರದ ದಡದಲ್ಲಿ ಕಪ್ಪು ಕನ್ನಡಕ ಹಾಕಿ, ಕೈಯಲ್ಲಿ ಎಳನೀರು ಹಿಡಿದ ಹುಡುಗನ ಫೋಟೋ ಬಂತು. ಕನ್ನಡಕ ತೆಗೆದ ಫೋಟೋ ಬೇಕು ಎಂದೆ. ಅದೇ ಜಾಗ, ಅದೇ ಎಳನೀರು, ಕನ್ನಡಕ ಮಾತ್ರ ಇಲ್ಲದ ಫೋಟೋ ಕಳಿಸಿದರು.

ಮೂಡುಬಿದಿರೆಯ ಹೋಟೆಲ್ ಮಾಲೀಕರೊಬ್ಬರ ಕತೆ ಬೇರೆ. ಅವರ ಅಣ್ಣ ಗಲ್ಫಿನಲ್ಲಿದ್ದರು. ಒಂದು ದಿನ ಕಚೇರಿಗೆ ಬಂದು ಬಾಗಿಲು ಅರ್ಧ ಹಾಕಿ ಕೂತರು.

"ಲೋಬೊರೇ, ನಮ್ಮ ಹುಡುಗನನ್ನು ಆ ದೇಶದ ಲೆಕ್ಕದಲ್ಲಿ ಹಾಕುವ. ಅಲ್ಲಿ ಆಡುವವರೇ ಕಮ್ಮಿ ಅಂತೆ. ಸೀದಾ ರಾಷ್ಟ್ರೀಯ ತಂಡ. ಇಲ್ಲಿ ಆದ್ರೆ ತಾಲೂಕಲ್ಲೇ ಸಾಯ್ಬೇಕು."

"ಹುಡುಗ ಅಲ್ಲಿಗೆ ಹೋದದ್ದುಂಟಾ?"

"ಇಲ್ಲ. ಅಣ್ಣ ಇದ್ದಾನಲ್ಲ."

"ಹಾಗಾದ್ರೆ ಅಣ್ಣ ಆಡ್ಲಿ," ಎಂದರು ಲೋಬೊ ಸರ್.

ಹೋಟೆಲಿನವರು ನಕ್ಕು, ಹೊಸದಾಗಿ ಕರಿದ ಗೋಳಿಬಜೆಯ ಕಟ್ಟು ಮೇಜಿನ ಮೇಲಿಟ್ಟು ಹೋದರು. ದೇಶ ಎನ್ನುವುದನ್ನು ಸಾಮಾನು ಆರಿಸಿದ ಹಾಗೆ ಆರಿಸಲು ಆಗುವುದಿಲ್ಲ ಎಂದು ನಾವು ಆ ದಿನ ದೊಡ್ಡವರ ಹಾಗೆ ಮಾತಾಡಿಕೊಂಡೆವು. ಅಲ್ಲಿ ಹುಟ್ಟಿದವರು, ಅಲ್ಲಿ ಬೆಳೆದವರು, ಅಲ್ಲಿ ಮನೆ ಮಾಡಿದವರು ಬೇಕಾದರೆ ಅಲ್ಲಿಯ ಪರ ಆಡಬಹುದು ಎನ್ನುವುದೂ ನಿಯಮದಲ್ಲಿ ಉಂಟು. ಅಂಥವರು ನಮ್ಮ ಊರಿನಲ್ಲಿ ಮನೆಗೊಬ್ಬರು ಇದ್ದಾರೆ ಎನ್ನುವುದು ಮಾತ್ರ ನಮಗೆ ಹೊಳೆಯಲಿಲ್ಲ.

ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಫಾರ್ಮುಗಳನ್ನು ಮನೆಯವರು ತುಂಬುತ್ತಿರಲಿಲ್ಲ, ನಾವೇ ತುಂಬುತ್ತಿದ್ದೆವು. ಫೋನ್ ಬರುತ್ತಿತ್ತು: "ಸಂಜೀವಣ್ಣ, ನಮ್ಮ ಮಗುವಿನದ್ದೊಂದು ಹಾಕಿ. ನಿಮಗೆ ಗೊತ್ತುಂಟಲ್ಲ." ನಾನು ಹಾಕುತ್ತಿದ್ದೆ. ಕಂಪ್ಯೂಟರಿನಲ್ಲಿ ಎಲ್ಲರ ಹೆಸರು ಹೊಡೆದಾದ ಮೇಲೆ ದೇಶದ ಕಾಲಂನ ಮೊದಲ ಸಾಲಿನಲ್ಲಿ ಭಾರತ ಎಂದು ಹಾಕಿ, ಮೌಸ್ ಹಿಡಿದು ಕೆಳಗಿನವರೆಗೆ ಒಂದೇ ಎಳೆತ. ನೂರು ಮಕ್ಕಳಿಗೆ ಒಂದು ಕ್ಷಣ. ಅದನ್ನು ಕಲಿತ ದಿನ ನನಗೆ ಎಷ್ಟು ಸಂತೋಷವಾಗಿತ್ತು ಎಂದರೆ ಮನೆಗೆ ಹೋಗಿ ಹೆಂಡತಿಗೆ ಕೈಯಾಡಿಸಿ ತೋರಿಸಿದ್ದೆ. ಊರಿನವರು ನನ್ನನ್ನು ನಂಬುತ್ತಾರೆ ಎನ್ನುವುದು ನನ್ನ ಹೆಮ್ಮೆ. ಕೆಲಸ ಕೆಟ್ಟದ್ದೂ ಅದರಿಂದಲೇ.

ಮೈಮೂನಾ ಫರಂಗಿಪೇಟೆಯವಳು. ನಾನು ಹೋಟೆಲಿನಲ್ಲಿದ್ದಾಗ ಪಕ್ಕದಲ್ಲಿ ಅವಳ ತಂದೆಯ ಅಕ್ಕಿ ಅಂಗಡಿ ಇತ್ತು, ಅವಳು ಆಗ ಶಾಲೆಗೆ ಹೋಗುವ ಹುಡುಗಿ. ಮದುವೆಯಾಗಿ ಮಸ್ಕತ್‌ಗೆ ಹೋದಳು. ಗಂಡ ಹನೀಫ್‌ಗೆ ಅಲ್ಲಿ ಟಯರಿನ ಅಂಗಡಿಯಲ್ಲಿ ಕೆಲಸ. ಮಗಳು ಶಿಫಾ ಹುಟ್ಟಿದ್ದು, ಓದಿದ್ದು, ಚೆಸ್ ಕಲಿತದ್ದು ಎಲ್ಲ ಅಲ್ಲೇ. ಅವಳಿಗೆ ಹದಿಮೂರು ತುಂಬುವಾಗ ತಾಯಿ ಮಗಳು ಊರಿಗೆ ಬಂದರು. ಇಲ್ಲಿಯ ಶಾಲೆಗೆ ಸೇರಿಸಿದರು. ರಜೆಯಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದರು, ಏಕೆಂದರೆ ಆರು ತಿಂಗಳಿಗೊಮ್ಮೆ ಕಾಲಿಡದಿದ್ದರೆ ವೀಸಾ ಸತ್ತು ಹೋಗುತ್ತದೆ.

ಮೂಡುಬಿದಿರೆಯ ಪಂದ್ಯಾಟಕ್ಕೆ ಹೆಸರು ಕೊಡಲು ಮೈಮೂನಾ ಫೋನ್ ಮಾಡಿದಳು. ಆ ಮಾತನ್ನು ನಾನು ಶಬ್ದ ಬಿಡದೆ ಬರೆಯಬಲ್ಲೆ.

"ಸಂಜೀವಣ್ಣ, ಅವಳು ಅಲ್ಲಿ ಆಡ್ತಿದ್ದಳು. ಎಂತದೋ ನಂಬರ್ ಎಲ್ಲ ಕೊಟ್ಟಿದ್ದಾರೆ."

"ಅದು ಅಲ್ಲಿಯದ್ದು ಮೈಮೂನಾ. ಇಲ್ಲಿ ಹೊಸತು ಮಾಡುವ. ನೀನು ತಲೆಬಿಸಿ ಮಾಡ್ಬೇಡ."

ಊರು ಬದಲಿಸಿದರೆ ಗ್ಯಾಸ್ ಕನೆಕ್ಷನ್ ಹೊಸದು ಮಾಡಿಸುವುದಿಲ್ಲವೇ, ಹಾಗೆ ಎಂದು ನನ್ನ ಲೆಕ್ಕ. ವಿಶ್ವ ಸಂಸ್ಥೆಯ ಪುಟದಲ್ಲಿ ಹೆಸರು ಹುಡುಕುವ ಜಾಗ ಇತ್ತು, ಹುಡುಕಲಿಲ್ಲ. ಹೆಸರು ಹೊಡೆದೆ, ದೇಶದ ಕಾಲಂ ಎಳೆದೆ. ಹೊಸ ಸಂಖ್ಯೆ ಬಂತು. ಹೊಸ ಸಂಖ್ಯೆಗೆ ರೇಟಿಂಗ್ ಎಲ್ಲಿಂದ ಬರಬೇಕು? ಶಿಫಾ ಮೂಡುಬಿದಿರೆಯಲ್ಲಿ ರೇಟಿಂಗ್ ಇಲ್ಲದ ಹುಡುಗಿಯರ ವಿಭಾಗದಲ್ಲಿ ಆಡಿದಳು. ಕೊನೆಯ ಸುತ್ತಿನಲ್ಲಿ ಬೆಳ್ತಂಗಡಿಯ ಧನ್ಯಾ ಎಂಬ ಹುಡುಗಿಯನ್ನು ಸೋಲಿಸಿ ಕಪ್ ಗೆದ್ದಳು. ನಾನೇ ಮುಂದೆ ನಿಂತು ಚಪ್ಪಾಳೆ ತಟ್ಟಿದೆ.

ಎಂಟು ದಿನ ಕಳೆದು ಧನ್ಯಾಳ ತಂದೆ ವಸಂತ ಮಾಸ್ಟ್ರು ಕಚೇರಿಗೆ ಬಂದರು. ಅವರು ಗಣಿತ ಕಲಿಸುವವರು, ಮಾತು ಕಡಿಮೆ. ಎರಡು ಪ್ರಿಂಟ್ ತೆಗೆದು ನನ್ನ ಎದುರು ಜೋಡಿಸಿಟ್ಟರು.

"ಇದು ಯಾರು ಸಂಜೀವಣ್ಣ?"

"ಶಿಫಾ."

"ಇದು?"

ಅದೂ ಶಿಫಾಳೇ. ಅದೇ ಹೆಸರು, ಅದೇ ಜನ್ಮದಿನ, ಸ್ವಲ್ಪ ಚಿಕ್ಕ ಮುಖ. ಪಕ್ಕದಲ್ಲಿ ಒಮಾನಿನ ಬಾವುಟ. ಕೆಳಗೆ ರೇಟಿಂಗ್.

"ಧನ್ಯಾ ಅವಳ ಹಳೆ ಆಟ ನೋಡುವ ಅಂತ ಹುಡುಕಿದ್ದು. ಆಗ ಸಿಕ್ಕಿತು," ಎಂದರು ಮಾಸ್ಟ್ರು. "ರೇಟಿಂಗ್ ಉಂಟು ಈ ಹುಡುಗಿಗೆ. ಅದನ್ನು ಅಡಗಿಸಿ, ಬೇರೆ ನಂಬರ್ ಮಾಡಿ, ರೇಟಿಂಗ್ ಇಲ್ಲದ ಮಕ್ಕಳ ಕಪ್ ತಕೊಂಡು ಹೋಗಿದ್ದಾಳೆ. ಮೊನ್ನೆಯೇ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನೆ. ರಾಜ್ಯ ಸಂಸ್ಥೆಗೂ ಬರ್ದಿದ್ದೇನೆ. ಬರುವ ತಿಂಗಳು ಗುರುವಾಯನಕೆರೆಯಲ್ಲಿ ಸೆಲೆಕ್ಷನ್ ಉಂಟಲ್ಲ, ಅದಕ್ಕೆ ಅವಳು ಕೂತ್ಕೊಳ್ಳಬಾರದು. ಮತ್ತೆ ಬೇರೆ ಎಲ್ಲಿಯೂ ಕೂತ್ಕೊಳ್ಳಬಾರದು."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ಸಂಖ್ಯೆ ಇಟ್ಟುಕೊಳ್ಳುವುದು ನಮ್ಮ ಆಟದಲ್ಲಿ ಕಳ್ಳತನಕ್ಕೆ ಸಮ. ಸಾಬೀತಾದರೆ ಆಟಗಾರ್ತಿಯ ಹೆಸರಿನ ಎದುರು ದಾಖಲೆ ಬೀಳುತ್ತದೆ. ಮುಂದೆ ಯಾವ ಊರಿಗೆ ಹೋಗಿ ಆಡಿದರೂ ಅದು ಅವಳಿಗಿಂತ ಮೊದಲೇ ಅಲ್ಲಿಗೆ ತಲಪಿರುತ್ತದೆ.

ಆ ದಿನ ಸಂಜೆಯೇ ಫರಂಗಿಪೇಟೆಗೆ ಹೋದೆ. ಮೈಮೂನಾ ಬಾಗಿಲಲ್ಲೇ ನಿಂತಿದ್ದಳು. ಗ್ರೂಪಿನ ಸುದ್ದಿ ನನಗಿಂತ ಮುಂಚೆ ಬಂದಿತ್ತು.

"ನಾನು ಹೇಳಿದ್ದೆ ಅಲ್ವಾ ಸಂಜೀವಣ್ಣ?"

"ಹೌದು, ನೀನು ಹೇಳಿದ್ದಿ."

"ಶಾಲೆಯಲ್ಲಿ ಇವಳನ್ನು ಡಬಲ್ ನಂಬರ್ ಅಂತ ಕರೀತಾರಂತೆ. ಮೂರು ದಿನ ಆಯ್ತು, ಬೋರ್ಡ್ ತೆಗೀಲಿಲ್ಲ."

ಶಿಫಾ ಒಳಗಿನಿಂದ ಬಂದು ತಾಯಿಯ ಹಿಂದೆ ನಿಂತಳು. ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು: "ನಾನು ಸಹ ಕೇಳಿದ್ದೆ ಅಂಕಲ್. ಲಿಸ್ಟಲ್ಲಿ ನನ್ನ ರೇಟಿಂಗ್ ಯಾಕೆ ಇಲ್ಲ ಅಂತ. ನೀವು 'ಹೋಗಿ ಕೂತ್ಕೊ, ಗಡಿಯಾರ ಶುರು ಆಗ್ತದೆ' ಅಂದ್ರಿ."

ನನಗೆ ಅದು ನೆನಪೇ ಇರಲಿಲ್ಲ. ತಾಯಿ ಹೇಳಿದ್ದು ನೆನಪಿತ್ತು, ಮಗು ಕೇಳಿದ್ದು ನೆನಪಿರಲಿಲ್ಲ. ಅಷ್ಟು ಮಕ್ಕಳ ನಡುವೆ ಒಂದು ಮಗು ಸರಿಯಾದ ಪ್ರಶ್ನೆ ಕೇಳಿದ್ದಕ್ಕೆ ನಾನು ಗಡಿಯಾರ ತೋರಿಸಿ ಕಳಿಸಿದ್ದೆ. ಆ ಮನೆಯಲ್ಲಿ ಕೊಟ್ಟ ಚಾ ಕುಡಿಯಲು ನನಗೆ ಬಹಳ ಹೊತ್ತು ಬೇಕಾಯಿತು.

ಮರುದಿನ ರಾಜ್ಯ ಸಂಸ್ಥೆಯಿಂದ ವಿವರಣೆ ಕೇಳಿ ಪತ್ರ ಬಂತು. ಲೋಬೊ ಸರ್ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಆಡಿದ್ದು ಇಷ್ಟು.

"ಒಂದು ಸಾಲು ಸಾಕು ಸಂಜೀವ. 'ಹಳೆಯ ಸಂಖ್ಯೆಯ ಮಾಹಿತಿ ನಮಗೆ ಬಂದಿರಲಿಲ್ಲ' ಅಂತ ಬರಿ. ಮಿಕ್ಕಿದ್ದು ಅವರು ನೋಡಿಕೊಳ್ತಾರೆ."

"ಬಂದಿತ್ತು ಸರ್."

"ನಿನ್ನ ಕಿವಿಗೆ ಬಂದಿತ್ತು. ಕಾಗದದಲ್ಲಿ ಬಂದಿರಲಿಲ್ಲ."

"ಕಾಗದದಲ್ಲಿ ಬರಲಿಕ್ಕೆ ನಾವು ಯಾರಿಗೂ ಕಾಗದ ಕೊಡುವುದೇ ಇಲ್ಲವಲ್ಲ."

ಅವರು ಕಿಟಕಿಯ ಹೊರಗೆ ನೋಡಿದರು. "ನೀನು ಬರೆದಂತೆ ಹೋದರೆ ನಮ್ಮ ನೋಂದಣಿಯ ಅಧಿಕಾರ ತೆಗೀತಾರೆ. ಇಷ್ಟು ಶಾಲೆಯ ಮಕ್ಕಳು ನಮ್ಮ ಮೂಲಕ ಹೋಗುವುದು. ಅವರೆಲ್ಲ ಎಲ್ಲಿಗೆ ಹೋಗಬೇಕು? ಇದನ್ನು ತರಲಿಕ್ಕೆ ನಾನು ಬೆಂಗಳೂರಿಗೆ ಎಷ್ಟು ಸಲ ಹೋಗಿದ್ದೇನೆ, ನಿನಗೆ ಗೊತ್ತಿಲ್ವಾ?"

"ಗೊತ್ತುಂಟು ಸರ್. ಅಧಿಕಾರ ಹೋದರೆ ಇನ್ನೊಮ್ಮೆ ಹೋಗಿ ಕೇಳುವ. ನಾನೂ ಬರ್ತೇನೆ. ಆ ಮಗುವಿನ ಹೆಸರು ಹೋದರೆ ಯಾರ ಹತ್ತಿರ ಹೋಗಿ ಕೇಳುವುದು?"

ನಾನು ಬರೆಯಲು ಕೂತೆ. ಮೊದಲು ಕನ್ನಡದಲ್ಲಿ ಬರೆದೆ: ಆಟಗಾರ್ತಿಯ ತಾಯಿ ಹಳೆಯ ಸಂಖ್ಯೆಯ ವಿಷಯ ನನಗೆ ಫೋನಿನಲ್ಲಿ ಹೇಳಿದ್ದರು. ಆಟಗಾರ್ತಿಯೂ ಪಂದ್ಯದ ದಿನ ನನ್ನನ್ನು ಕೇಳಿದ್ದಳು. ನಾನು ಎರಡೂ ಸಲ ಗಣನೆಗೆ ತೆಗೆದುಕೊಳ್ಳಲಿಲ್ಲ. ಹೊಸ ಸಂಖ್ಯೆ ಮಾಡಿದ್ದು ನಾನು, ಅವರಲ್ಲ. ಆಮೇಲೆ ಅದನ್ನು ಇಂಗ್ಲಿಷಿಗೆ ತರಲು ಮಧ್ಯಾಹ್ನ ಇಡೀ ಹಿಡಿಯಿತು. ಲೋಬೊ ಸರ್ ಹತ್ತಿರ ತಂದಿಟ್ಟಾಗ ಅವರು ಕೆಂಪು ಪೆನ್ನಿನಲ್ಲಿ ಎರಡು ಕಡೆ ಭಾಷೆ ತಿದ್ದಿದರು. ಮತ್ತೆ ನೀಲಿ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ನನ್ನ ಮೇಲಿನವರಲ್ಲಿ ನಾನು ಕಂಡ ದೊಡ್ಡತನ ಇದು. ಬೇರೆಯದನ್ನು ಬರೆಯಲು ಹೋಗುವುದಿಲ್ಲ.

ಹದಿನೈದು ದಿನದಲ್ಲಿ ಉತ್ತರ ಬಂತು. ಆಟಗಾರ್ತಿಯ ಮೇಲೆ ಯಾವ ಕ್ರಮವೂ ಇಲ್ಲ. ಹೊಸ ಸಂಖ್ಯೆಯನ್ನು ಅಳಿಸಿ ಆಟಗಳನ್ನು ಹಳೆಯದಕ್ಕೆ ಸೇರಿಸಲಾಗುವುದು. ಕಪ್ ಎರಡನೇ ಸ್ಥಾನದವಳಿಗೆ, ಅಂದರೆ ಧನ್ಯಾಳಿಗೆ ಹೋಗಬೇಕು. ನಮ್ಮ ನೋಂದಣಿಯ ಅಧಿಕಾರ ಆರು ತಿಂಗಳು ಇಲ್ಲ. ಆ ಆರು ತಿಂಗಳು ನಾನು ಪಂದ್ಯಾಟಗಳಲ್ಲಿ ಮೇಜು ಕುರ್ಚಿ ಜೋಡಿಸಿದೆ. ಅದೂ ನನಗೆ ಬರುವ ಕೆಲಸವೇ.

ಆದರೆ ಹಳೆಯ ಸಂಖ್ಯೆ ಉಳಿದರೆ ಅದರ ಜೊತೆ ಒಮಾನಿನ ಬಾವುಟವೂ ಉಳಿಯಿತು. ನಮ್ಮ ರಾಜ್ಯದ ಸೆಲೆಕ್ಷನ್‌ನಲ್ಲಿ ಆಡಬೇಕಾದರೆ ಅವಳು ಭಾರತದ ಆಟಗಾರ್ತಿ ಆಗಬೇಕು. ಅದಕ್ಕೆ ವರ್ಗಾವಣೆಯ ಅರ್ಜಿ ಬೇಕು: ಅವಳ ಸಹಿ, ಅಲ್ಲಿಯವರ ಒಪ್ಪಿಗೆ, ಇಲ್ಲಿಯವರ ಒಪ್ಪಿಗೆ. ನಾನು ಹಿಡಿದ ಕೆಲಸ ಬಿಡುವವನಲ್ಲ. ತಪ್ಪು ಮಾಡಿದ ಮೇಲೆ ಕೇಳುವುದೇ ಬೇಡ. ಅರ್ಜಿ ತರಿಸಿದೆ. ಎಲ್ಲ ಕಾಲಂ ಒಂದೊಂದಾಗಿ ತುಂಬಿದೆ. ಈ ಸಲ ಯಾವುದನ್ನೂ ಎಳೆಯಲಿಲ್ಲ. ಅಧಿಕಾರ ಇಲ್ಲದಿದ್ದರೂ ಲೋಬೊ ಸರ್ ಮೂಲಕ ಬೆಂಗಳೂರಿಗೆ ಹೇಳಿಸಿ, ಒಪ್ಪಿಗೆ ಬರುವವರೆಗೆ ಗುರುವಾಯನಕೆರೆಯ ಪಟ್ಟಿಯಲ್ಲಿ ಅವಳ ಹೆಸರನ್ನು ಷರತ್ತಿನ ಮೇಲೆ ಇರಿಸಿಕೊಂಡೆ. ಅರ್ಜಿ ಕಳಿಸಲು ಅವಳ ಸಹಿ ಮಾತ್ರ ಬಾಕಿ. ಸಹಿ ಹಾಕಿಸಲು ಫರಂಗಿಪೇಟೆಗೆ ಬಸ್ಸಿನಲ್ಲಿ ಹೋಗುವಾಗ ನನಗೆ ಹೆಮ್ಮೆಯೇ ಆಗಿತ್ತು.

ಆ ದಿನ ಹನೀಫ್ ಮಸ್ಕತ್‌ನಿಂದ ಫೋನಿನಲ್ಲಿದ್ದ. ಮೈಮೂನಾ ಫೋನನ್ನು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟಳು.

"ಅಣ್ಣ, ನೀವು ಇಷ್ಟು ಮಾಡಿದ್ದು ದೊಡ್ಡದು," ಎಂದ ಅವನು. "ಅವಳು ಊರಿನವರ ಹಾಗೆ ಆಡ್ಲಿ."

ಶಿಫಾ ಅರ್ಜಿಯನ್ನು ಓದಲು ಕೂತಳು. ಓದಿದಳು ಎಂದರೆ ಪೂರ್ತಿ, ಹಿಂದಿನ ಪುಟದ ಸಣ್ಣ ಅಕ್ಷರದ ನಿಯಮ ಸಮೇತ. ನನ್ನ ಮೂವತ್ತು ವರ್ಷದಲ್ಲಿ ಒಂದು ಮಗು ಫಾರ್ಮನ್ನು ಪೂರ್ತಿ ಓದಿದ್ದು ನಾನು ನೋಡಿರಲಿಲ್ಲ. ದೊಡ್ಡವರು ಓದಿದ್ದನ್ನೂ ನೋಡಿರಲಿಲ್ಲ.

"ಅಂಕಲ್, ಇಲ್ಲಿ ಕಾರಣ ಅಂತ ಉಂಟು. 'ತನ್ನ ದೇಶ ಭಾರತದ ಪರ ಆಡುವ ಆಸೆ' ಅಂತ ಬರ್ದಿದ್ದೀರಿ."

"ಹೌದು ಮಗಾ."

"ಯಾರ ಆಸೆ?"

ಮೈಮೂನಾ ಗದರಿದಳು. "ಎಂತ ಮಾತು ಅದು? ಅವರು ನಿನಗೋಸ್ಕರ ಓಡಾಡಿದ್ದು."

"ಗೊತ್ತುಂಟು ಉಮ್ಮ. ಆದ್ರೆ ನನ್ನ ಹತ್ರ ಯಾರೂ ಕೇಳ್ಲಿಲ್ಲ."

ನಾನು ಅರ್ಜಿಯನ್ನು ವಾಪಸ್ ತೆಗೆದುಕೊಂಡು ಆ ಸಾಲನ್ನು ನೋಡಿದೆ. ಮೊದಲನೇ ಸಲ ಅವಳನ್ನು ಕೇಳದೆ ಭಾರತ ಎಂದು ಬರೆದದ್ದು ಆಲಸ್ಯದಿಂದ. ಈ ಸಲ ಕೇಳದೆ ಭಾರತ ಎಂದು ಬರೆದದ್ದು ಪ್ರೀತಿಯಿಂದ. ಫಾರ್ಮಿನಲ್ಲಿ ಎರಡೂ ಒಂದೇ ತರ ಕಾಣುತ್ತಿತ್ತು.

"ಹಾಗಾದ್ರೆ ಈಗ ಕೇಳ್ತೇನೆ," ಎಂದೆ. "ಯಾವ ದೇಶ ಬರೀಲಿ?"

ಅವಳು ಬಹಳ ಯೋಚಿಸಲಿಲ್ಲ, ಉತ್ತರ ಸಿದ್ಧವಿತ್ತು. "ಅಲ್ಲಿ ನಮ್ಮ ವಯಸ್ಸಿನ ಹುಡುಗಿಯರ ಟೀಮಿಗೆ ನಾಲ್ಕು ಜನ ಬೇಕು. ನಾವು ಇರುವುದೇ ನಾಲ್ಕು ಜನ. ನಾನು ರಜೆಯಲ್ಲಿ ಹೋಗಿ ಆಡುದು. ನಾನು ಬಿಟ್ರೆ ಟೀಮ್ ಇಲ್ಲ. ಉಳಿದ ಮೂರು ಜನ ಎಂತ ಮಾಡುದು?"

"ಇಲ್ಲಿ ನಿನಗೆ ಸ್ಟೇಟ್ ಆಡ್ಲಿಕ್ಕೆ ಸಿಗ್ತದಲ್ಲ," ಎಂದಳು ತಾಯಿ.

"ಇಲ್ಲಿ ನಾನು ಇಲ್ಲದಿದ್ರೂ ತುಂಬ ಜನ ಇದ್ದಾರೆ ಉಮ್ಮ. ಧನ್ಯಾ ಇದ್ದಾಳೆ. ಒಳ್ಳೆ ಆಡ್ತಾಳೆ." ಮತ್ತೆ ನನ್ನ ಕಡೆ ತಿರುಗಿದಳು. "ದೊಡ್ಡವಳಾದ ಮೇಲೆ ಬದಲಾಯಿಸ್ಲಿಕ್ಕೆ ಆಗ್ತದಾ ಅಂಕಲ್?"

"ಆಗ್ತದೆ. ಸ್ವಲ್ಪ ಕಾಯ್ಬೇಕಾಗಬಹುದು."

"ಕಾಯ್ತೇನೆ. ಆಗ ಫಾರ್ಮ್ ನಾನೇ ತುಂಬಿಸ್ತೇನೆ."

ಫೋನಿನಿಂದ ಹನೀಫ್ ನಗುವುದು ಕೇಳಿತು. "ಅಣ್ಣ, ಅವಳು ಹೀಗೇ. ಇಲ್ಲಿ ಕೋಚ್ ದಿನಾ ಕೇಳ್ತಾರೆ, ಶಿಫಾ ಬರ್ತಾಳಾ ಅಂತ. ನಾನು ಹೇಳ್ಲಿಲ್ಲ, ಅವಳ ತಲೆ ಕೆಡಿಸ್ಬಾರ್ದು ಅಂತ."

ಹೊರಡುವಾಗ ಶಿಫಾ ಒಳಗೆ ಹೋಗಿ ಕಪ್ ತಂದು ಕೊಟ್ಟಳು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ನೂಲು ಕಟ್ಟಿ ಇಟ್ಟಿದ್ದಳು. ಇದನ್ನು ಧನ್ಯಾಳಿಗೆ ಕೊಡಿ ಎಂದಳು. ಅರ್ಜಿಯನ್ನು ನಾನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡೆ.

ಗುರುವಾಯನಕೆರೆಯಲ್ಲಿ ಸೆಲೆಕ್ಷನ್ ಇದ್ದ ದಿನ ಪಟ್ಟಿಯಿಂದ ಅವಳ ಹೆಸರು ತೆಗೆಸಿದ್ದೂ ನಾನೇ. ವಸಂತ ಮಾಸ್ಟ್ರು ಗೋಡೆಯ ಹತ್ತಿರ ನಿಂತು ನೋಡುತ್ತಿದ್ದರು. ಸುತ್ತ ಹತ್ತು ಹನ್ನೆರಡು ತಂದೆ ತಾಯಂದಿರು.

"ಅಂತೂ ಕೂರಿಸ್ಲಿಲ್ಲ ಅಲ್ವಾ?"

"ಕೂರಿಸುದಿಲ್ಲ ಅಂತ ಯಾರೂ ಹೇಳ್ಲಿಲ್ಲ ಮಾಸ್ಟ್ರೇ. ಅವಳೇ ಬೇಡ ಅಂದದ್ದು. ನಂಬರಿನ ತಪ್ಪು ಅವಳದ್ದಲ್ಲ, ನನ್ನದು. ತಾಯಿ ಹೇಳಿದ್ರು, ಅವಳೂ ಕೇಳಿದ್ಳು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಬರ್ದು ಕೊಟ್ಟಿದ್ದೇನೆ, ಸಹಿ ಉಂಟು."

ಎಲ್ಲರಿಗೂ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಮಾಸ್ಟ್ರು ಕಿಸೆಯಿಂದ ಫೋನ್ ತೆಗೆದು, ಅಲ್ಲೇ ನಿಂತು ಗ್ರೂಪಿನಲ್ಲಿ ಏನೋ ಬರೆದು ನನಗೆ ತೋರಿಸಿದರು. "ಶಿಫಾ ಎಂಬ ಹುಡುಗಿಯ ಬಗ್ಗೆ ನಾನು ಬರೆದದ್ದು ತಪ್ಪು. ತಪ್ಪು ಕಚೇರಿಯದ್ದು. ದಯವಿಟ್ಟು ಮಕ್ಕಳಿಗೂ ಹೇಳಿ" ಎಂದಿತ್ತು.

"ಸರಿ ಉಂಟಾ?"

"ಸರಿ ಉಂಟು. ಕಚೇರಿ ಅಂತ ಬೇಡ, ಸಂಜೀವ ಅಂತ ಹಾಕಿ," ಎಂದೆ. ಹಾಕಿದರು.

ಧನ್ಯಾಳ ಆಟ ಮುಗಿದ ಮೇಲೆ ಕಪ್ ಕೊಡಲು ಹೋದೆ. ಅವಳು ನೂಲು ಬಿಚ್ಚಿ, ಪತ್ರಿಕೆ ತೆಗೆದು ನೋಡಿ, ಮತ್ತೆ ಹಾಗೆಯೇ ಸುತ್ತಿ ನನ್ನ ಕೈಗೆ ಕೊಟ್ಟಳು.

"ನಾನು ಅವಳ ಹತ್ರ ಸೋತದ್ದಲ್ವಾ ಅಂಕಲ್? ನಂಬರ್ ಯಾವುದಾದ್ರೂ ಸೋತದ್ದು ಸೋತದ್ದೇ. ಗೆದ್ದ ಮೇಲೆ ತಕೊಳ್ತೇನೆ."

ತಂದೆ ಏನೋ ಹೇಳಲು ಹೋದರು. ಅವಳು ಆಗಲೇ ಮುಂದಿನ ಸುತ್ತಿನ ಪಟ್ಟಿ ನೋಡಲು ಓಡಿದ್ದಳು.

ಆ ಆರು ತಿಂಗಳು ಕಳೆದು ಅಧಿಕಾರ ವಾಪಸ್ ಬಂತು. ಫಾರ್ಮುಗಳನ್ನು ಮನೆಯವರೇ ತುಂಬಬೇಕು, ಮಗು ಎದುರಿರಬೇಕು ಎಂದು ನಾನು ಮತ್ತು ಲೋಬೊ ಸರ್ ಸೇರಿ ನಿಯಮ ಮಾಡಿದೆವು. ಮೊದಮೊದಲು ಊರಿನವರಿಗೆ ಸಿಟ್ಟು ಬಂತು. ಸಂಜೀವಣ್ಣನಿಗೆ ಈಗ ನಾವು ಬೇಡವಾಯಿತು ಎಂದರು. ಬರಲಿ, ಆ ಸಿಟ್ಟು ನೀವೂ ತಡೆದುಕೊಳ್ಳಬೇಕು. ನಿಮ್ಮಿಬ್ಬರಿಗೂ ಗಲ್ಫಿನಿಂದ ಫೋನ್ ಬರುತ್ತದೆ, ನೀವೇ ಹಾಕಿ ಎನ್ನುತ್ತಾರೆ. ಹಾಕಬೇಡಿ.

ಶಿಫಾ ಮತ್ತು ಧನ್ಯಾ ಆಮೇಲೆ ಎರಡು ಸಲ ಎದುರಾಗಿದ್ದಾರೆ. ಒಮ್ಮೆ ಮೂಡುಬಿದಿರೆಯಲ್ಲಿ, ಗೋಡೆಯ ಪಟ್ಟಿಯಲ್ಲಿ ಫರಂಗಿಪೇಟೆಯ ಹುಡುಗಿಯ ಎದುರು ಒಮಾನ್ ಎಂದು ನೋಡಿ ಜನ ಅರಬಿ ಹುಡುಗಿ ಯಾರು ಎಂದು ಹುಡುಕಿದರು. ಇನ್ನೊಮ್ಮೆ ಒಂದು ಭಾನುವಾರ ನಮ್ಮ ಕಚೇರಿಯಲ್ಲೇ, ಮಾಸ್ಟ್ರು ಮತ್ತು ಮೈಮೂನಾ ಬೆಂಚಿನ ಎರಡು ತುದಿಯಲ್ಲಿ ಕೂತು ನೋಡುತ್ತಿರುವಾಗ. ಎರಡೂ ಡ್ರಾ.

ಕಪ್ ಕಚೇರಿಯ ಕಬ್ಬಿಣದ ಕಪಾಟಿನ ಮೇಲೆ ಉಂಟು. ಅದರಲ್ಲಿ ಪೆನ್ನು ಹಾಕಿಡಬೇಡಿ. ಧೂಳು ಒರೆಸಿದರೆ ಸಾಕು. ಯಾರ ಹೆಸರು ಕೆತ್ತಿಸಬೇಕು ಎಂದು ಯಾರಾದರೂ ಬಂದು ಕೇಳಿದರೆ, ಆ ಇಬ್ಬರನ್ನು ಕೇಳಿ ಎಂದು ಹೇಳಿ.